ಕಾರಿಗೆ ಮಡಿಲು ತುಂಬಿದ್ದು

ಮಿತ್ರಮಹಾಶಯರೇ, ಸಮುದ್ರ ದಾಟಬೇಕಾದ ನಮ್ಮ ಮನೆಯ ಕಾರು ಇವತ್ತು ಮಾಲೂರು ಸ್ಟೇಷನ್ನನ್ನೇ ದಾಟದೆ ಉಳಿಯುವುದರಲ್ಲಿತ್ತು. ಡಾಕ್ಟರ್ ಚಿಕ್ಕಪ್ಪ ಸಂಸಾರಸಮೇತ ಸಿಂಗಪುರದಲ್ಲಿ ನೆಲೆಸಲು ಹೊರಟಿದ್ದಾರೆ. ಇವತ್ತಿನ ಗೂಡ್ಸ್ ಗಾಡಿಯಲ್ಲಿ ಕಾರು ಮದರಾಸಿಗೆ ಹೋಗದಿದ್ದರೆ ಹಡಗು ತಪ್ಪುತ್ತದೆ.

ಗೂಡ್ಸ್ ಗುಮಾಸ್ತರು ಕಾರಿನ ಬಾಗಿಲು ತೆಗೆದರು. ಹಿಂದಿನ ಸೀಟಿನಲ್ಲಿ ಹಸಿರು ಕುಪ್ಪಸದ ಕಣ, ಅದರ ಮೇಲೆ ಅಕ್ಕಿ, ಕೊಬ್ಬರಿ, ಬೆಲ್ಲ. ಮನೆಮಗಳನ್ನು ಕಳಿಸಿಕೊಡುವ ಹಾಗೆ ಅಜ್ಜಿ ಕಾರಿಗೂ ಮಡಿಲು ತುಂಬಿದ್ದರು.

"ಏನ್ ಸ್ವಾಮಿ ಇದು? ಕಾರಲ್ಲಿ ಒಂದು ಕಾಳೂ ಇರಬಾರ್ದು. ಇದ್ರೆ ವ್ಯಾಗನ್ ಹತ್ತಿಸಲ್ಲ."

ಚಿಕ್ಕಪ್ಪ ಬೆವರಿದರು. "ಅಮ್ಮಾ, ತೆಗಿಯಮ್ಮ ಅದನ್ನ."

ಅಜ್ಜಿ ಕದಲಲಿಲ್ಲ. "ಏಮ್ರಾ, ತುಂಬಿದ ಮಡಿಲನ್ನ ಬರಿದು ಮಾಡ್ತಾರಾ? ಬರಿ ಮಡಿಲಲ್ಲಿ ಹೋದೋಳು ತವರಿಗೆ ತಿರುಗಿ ಬರಲ್ಲ ಕಣೋ."

ಅಜ್ಜಿ ನೋಡುತ್ತಿದ್ದದ್ದು ಕಾರನ್ನಲ್ಲ, ಮಗನನ್ನು.

ನಾನು ಧರ್ಮಾಧಿಕಾರಿಯ ಗತ್ತಿನಲ್ಲಿ ತೀರ್ಪು ಕೊಟ್ಟೆ. "ಅಜ್ಜಿ, ಕಾರಿಗೆ ಸೆರಗಿಲ್ಲ. ಅದರ ಪರವಾಗಿ ಚಿಕ್ಕಮ್ಮ ಈಸ್ಕೊಳ್ಲಿ. ಅವರೂ ಅದೇ ಊರಿಗೆ ತಾನೆ ಹೋಗೋದು?"

ಅಜ್ಜಿ ಸ್ವಲ್ಪ ಯೋಚಿಸಿ, "ಸರಿ, ಬಾಮ್ಮ" ಎಂದರು. ಚಿಕ್ಕಮ್ಮ ಪ್ಲಾಟ್‌ಫಾರಂ ಮೇಲೆಯೇ ಸೆರಗೊಡ್ಡಿದರು. ಸೀಟಿನ ಸಂದಿಯಲ್ಲಿದ್ದ ಅಕ್ಕಿಕಾಳನ್ನು ಗುಮಾಸ್ತರೇ ಬಗ್ಗಿ ಆರಿಸಿಕೊಟ್ಟರು. ಕಾರು ವ್ಯಾಗನ್ ಹತ್ತಿತು. ಚಿಕ್ಕಪ್ಪ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟರು.

"ಹೋಗೋವಾಗ ಒಂಚೂರು ಅಳಲೂ ಇಲ್ವಲ್ಲೋ" ಎಂದರು ಅಜ್ಜಿ, ಕಾರಿನ ಕಡೆ ನೋಡಿ. ನಾನು ವ್ಯಾಗನ್ನಿಗೆ ಹತ್ತಿ ಕಾರಿನ ರಬ್ಬರ್ ಹಾರನ್ನನ್ನು ದೀರ್ಘವಾಗಿ ಹಿಚುಕಿದೆ. ಅಜ್ಜಿ ತೃಪ್ತಿಯಿಂದ ಕಣ್ಣೊರೆಸಿಕೊಂಡರು.

"ಇಳಿಯಪ್ಪ ಸಾಕು, ನಿನ್ನನ್ನ ಬುಕ್ ಮಾಡಿಲ್ಲ" ಎಂದರು ಗುಮಾಸ್ತರು.

ಹೆಣ್ಣಿನ ಕಡೆಯವರಿಗೆ ಎಲ್ಲಿ ಹೋದರೂ ಇಷ್ಟೇ ಮರ್ಯಾದೆ.