ಲಿನ್ನಬಾಯಿಗೊಂದು ಖೋಲಿ

ನಮ್ಮ ಗುರುಬಾಯಿ ಅತ್ತೆ ಬಸ್ಸಿನಲ್ಲಿ ಕೂತು ಜಗಳ ಮಾಡುತ್ತಿದ್ದಳು. ಪಕ್ಕದವರ ಜೊತೆಗಲ್ಲ, ಕೈಯಲ್ಲಿದ್ದ ಪುಸ್ತಕದೊಳಗಿನವರ ಜೊತೆ. ಕಮಲಾಪುರದಿಂದ ಕಲಬುರಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಂಥದ್ದರಲ್ಲಿ ಇದ್ದಕ್ಕಿದ್ದಂತೆ, "ಥೂ, ನಿನ್ನ ಬಾಯಾಗ ಮಣ್ಣ ಬೀಳ!" ಎಂದು ಕೂಗುವಳು. ಕಂಡಕ್ಟರ್ ಬೆಚ್ಚಿ, "ನಾ ಏನ್ ಮಾಡೀನ್ರೀ ಅಕ್ಕಾರ?" ಎಂದರೆ, "ನಿನಗಲ್ಲಪ್ಪಾ, ಈ ಲಿನ್‌ನ ಅಣ್ಣಗ" ಎಂದು ಪುಟ ತಿರುವುವಳು.

ಅತ್ತೆ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದವಳು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. "ಇದು ನಿಮಗ ಛಂದ ಕಾಣಂಗಿಲ್ರೀ, ಬ್ಯಾರೆ ಅಂಗಡಿಗಿ ಹೋಗ್ರಿ" ಎಂದು ಗಿರಾಕಿಯ ಮುಖಕ್ಕೇ ಹೇಳುವಳು. ಮಾಲೀಕ ಹಣೆ ಚಚ್ಚಿಕೊಳ್ಳುತ್ತಿದ್ದ, ಹೆಂಗಸರು ಮಾತ್ರ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳಿಗಿದ್ದ ಆಸೆ ಒಂದೇ: ಕಲಬುರಗಿಯಲ್ಲಿ ತನ್ನದೇ ಒಂದು ಖೋಲಿ, ಬಾಡಿಗೆಯದಾದರೂ ಸರಿ. ಆ ಮಾತೆತ್ತಿದರೆ ಅಪ್ಪ, "ಅಣ್ಣನ ಮನಿ ಇರೋವಾಗ ಒಬ್ಬಾಕೀನೇ ಇರ್ತಾಳಂತ! ಮಂದಿ ನನ್ನ ಮಾರಿಮ್ಯಾಲ ಉಗುಳ್ತಾರ" ಎಂದು ಎದ್ದು ಹೋಗುತ್ತಿದ್ದ.

ಪುಸ್ತಕ ಕನ್ನಡಕ್ಕೆ ಬಂದ ಚೀನಾದ ಕಾದಂಬರಿ. ಕೋಟೆಯ ಹತ್ತಿರದ ರದ್ದಿ ಅಂಗಡಿಯಲ್ಲಿ ಸಿಕ್ಕಿತ್ತು. ಲಿನ್ ಎಂಬ ಹೆಣ್ಣುಮಗಳು ಗಿರಣಿಯಲ್ಲಿ ದುಡಿಯುತ್ತಾಳೆ, ಬೇರೆ ಇರಬೇಕೆನ್ನುತ್ತಾಳೆ, ಅಣ್ಣ ಬಿಡುವುದಿಲ್ಲ. ಸಂಜೆ ರೊಟ್ಟಿ ಬಡಿಯುತ್ತ ಅತ್ತೆ ಆ ಕಥೆ ಹೇಳುವಳು. ಕೆಲವೇ ವಾರಗಳಲ್ಲಿ ಲಿನ್ ನಮ್ಮ ಓಣಿಯವಳೇ ಆಗಿಬಿಟ್ಟಳು. ಅವ್ವ ಅವಳಿಗೆ ಲಿನ್ನಬಾಯಿ ಎಂದು ಹೆಸರಿಟ್ಟಳು. ಕಥೆಯಲ್ಲಿ ಲಿನ್ನಬಾಯಿಗೆ ಜ್ವರ ಬಂದ ಸಂಜೆ ಪಕ್ಕದ ಮನೆಯವರು ಕಷಾಯಕ್ಕೆ ಶುಂಠಿ ಕಳಿಸಿದರು. ಅಪ್ಪ ಪೇಪರ್ ಓದುವವನಂತೆ ನಟಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದ.

ಫಜೀತಿಯಾದದ್ದು ಕೊನೆಯಲ್ಲಿ. ಪುಸ್ತಕದ ಕಡೆಯ ಹಾಳೆಗಳೇ ಇರಲಿಲ್ಲ. ಲಿನ್ನಬಾಯಿ ಬೇರೆ ಹೋದಳೋ ಇಲ್ಲವೋ ತಿಳಿಯದೆ ಅಪ್ಪನಿಗೆ ಊಟ ಸೇರದಾಯಿತು. ಕಡೆಗೆ, ಓಣಿಯ ಜಗಳಗಳನ್ನು ಬಗೆಹರಿಸುವ ಬಸಣ್ಣ ಕಾಕಾನನ್ನೇ ಕರೆಸಿ, "ನೀವೇ ಒಂದು ತೀರ್ಪು ಕೊಡ್ರಿ" ಎಂದ. ನಮ್ಮ ಪಡಸಾಲೆಯಲ್ಲಿ ಹಿರಿಯರು ಕೂತರು. ಚೀನಾದ ಅಣ್ಣನ ಪರವಾಗಿ ಮಾತಾಡುವವರು ಯಾರು ಎಂದು ಕಾಕಾ ಕೇಳಿದ. ಅಪ್ಪನೇ ಎದ್ದು ನಿಂತ, ಮಾತಾಡಿದ್ದು ಮಾತ್ರ ಲಿನ್ನಬಾಯಿಯ ಪರವಾಗಿ.

"ಅಕಿ ದುಡದು ಅಕಿ ತಿಂತಾಳ. ಒಂದು ಖೋಲಿ ಮಾಡಕೊಂಡ್ರ ಅವನ ಅಪ್ಪನ ಗಂಟೇನ್ ಹೋಗ್ತದ? ಅಣ್ಣ ಆದಾವಗ ಒಂಚೂರು ಅಂತಃಕರಣ ಬ್ಯಾಡೇನ್ರೀ?"

ಕಾಕಾ ತಲೆಯಾಡಿಸಿ, "ಖರೇ ಅದ. ಲಿನ್ನಬಾಯಿ ಬ್ಯಾರೆ ಇರಲಿ" ಎಂದ. ಅತ್ತೆ ಒಳಗಿನಿಂದ ಸಕ್ಕರೆ ಬಟ್ಟಲು ತಂದು, ಮೊದಲು ಅಪ್ಪನ ಅಂಗೈಗೆ, ಆಮೇಲೆ ಎಲ್ಲರಿಗೂ ಹಾಕಿದಳು. ನಮ್ಮ ಕಡೆ ಮಾತುಕತೆ ಮುಗಿದು ಸಕ್ಕರೆ ತಿಂದರೆ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಎಲ್ಲರೂ ಬಾಯಿಗೆ ಹಾಕಿಕೊಂಡ ಮೇಲೆ ಅತ್ತೆ, "ಅಣ್ಣಾ, ಕಲಬುರಗಿ ಕೋಟನೂರದಾಗ ಖೋಲಿ ನೋಡೀನಿ. ಐತವಾರ ಸಾಮಾನ ಒಯ್ತೀನಿ" ಎಂದಳು.

"ಏ, ಅದು ಚೀನಾದಾಕಿ ಮಾತು!"

"ಸಕ್ರಿ ಕಮಲಾಪುರದ್ದಲ್ಲೇನು?"

ಅಪ್ಪ ಕಾಕಾನ ಮುಖ ನೋಡಿದ. ಕಾಕಾ ತುಟಿ ಒರೆಸಿಕೊಳ್ಳುತ್ತ, "ನುಂಗಿಬಿಟ್ಟೀನಲ್ಲೋ ತಮ್ಮಾ" ಎಂದ.

ಆ ಖೋಲಿಗೆ ಯಾರೇ ಹೋದರೂ ಬಾಗಿಲು ತಟ್ಟಿ ಹೆಸರು ಹೇಳಬೇಕಿತ್ತು. ಕಿಟಕಿಯಲ್ಲಿ ನಮ್ಮ ಮುಖ ಕಾಣುತ್ತಿದ್ದರೂ ಅತ್ತೆ, "ಯಾರು?" ಎನ್ನುವಳು. ಹುಟ್ಟಿದಾಗಿನಿಂದ ಯಾರ ಬಾಗಿಲನ್ನೂ ತಟ್ಟದ ಅಪ್ಪ, ಕೆಂಪು ಬಾಳೆಹಣ್ಣು ಹಿಡಿದು ಬಿಸಿಲಲ್ಲಿ ನಿಂತು, "ನಾನವಾ, ನಿಮ್ಮಣ್ಣ" ಎಂದರೂ ಸಾಲದು, ಹೆಸರು ಹೇಳಿದ ಮೇಲೆಯೇ ಅವಳು "ಬಾ" ಎನ್ನುವಳು. ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಬರುವನು. ಮುಂದಿನ ವಾರ ಮತ್ತೆ ಹೊರಡುವನು.

ಹೋದ ಬೇಸಿಗೆಯಲ್ಲಿ ಅತ್ತೆ ನಿದ್ದೆಯಲ್ಲೇ ಹೋಗಿಬಿಟ್ಟಳು. ಅವಳಿಲ್ಲದ ಕಲಬುರಗಿ ನನಗೆ ಇಂದಿಗೂ ಒಗ್ಗಿಲ್ಲ. ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ ಸಾಮಾನು ತರಲೆಂದು ಅಪ್ಪನೂ ನಾನೂ ಹೋದೆವು. ಬೀಗದ ಕೈ ಅವನ ಬಳಿಯೇ ಇತ್ತು. ಆದರೂ ಬಾಗಿಲು ತಟ್ಟಿದ. ತನ್ನ ಹೆಸರು ಹೇಳಿದ. ಬಹಳ ಹೊತ್ತು ನಿಂತು, ಬೀಗದ ಕೈಯನ್ನು ನನ್ನ ಕೈಗಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ.

"ನೀನೇ ಒಳಗ ಹೋಗವಾ," ಎಂದ, "ಅಕಿ ನನಗ ಬಾ ಅಂದಿಲ್ಲ."