ನಾಚಿಕೆಯ ಪರೀಕ್ಷಕ ಪೂವಯ್ಯನವರು

ಹಾಕಿ ಮೈದಾನದಲ್ಲಿ ಗೋಲು ಬಿದ್ದಾಗ ಲೋಕವೆಲ್ಲ ಹೊಡೆದವನನ್ನು ನೋಡುತ್ತದೆ. ಪೂವಯ್ಯನವರು ಗೋಲು ಬಿಟ್ಟುಕೊಟ್ಟವನನ್ನು ನೋಡುತ್ತಿದ್ದರು. ಅದೂ ಸಾಮಾನ್ಯ ನೋಟವಲ್ಲ. ಹೆಣ್ಣು ನೋಡಲು ಬಂದ ಸೋದರತ್ತೆಯ ನೋಟ. ಕನ್ನಡಕವನ್ನು ಹಣೆಗೇರಿಸಿ, ಕತ್ತು ಚಾಚಿ, ಆ ಬಡಪಾಯಿ ಡಿಫೆಂಡರ್‌ನ ಮುಖವನ್ನು ಅಳೆಯುತ್ತಿದ್ದರು.

"ಸ್ಟಿಕ್ ಹಿಡಿಯೋದನ್ನ ಯಾರು ಬೇಕಾದ್ರೂ ಕಲೀತಾರೆ ಮಾರಾಯಾ. ಗೋಲು ಬಿಟ್ಟ ಮೇಲೆ ತಲೆ ತಗ್ಗಿಸ್ತಾನಾ ಇಲ್ವಾ? ಅದು ಮನೆಯಿಂದ ಬರಬೇಕು."

ಅವರು ಕೊಡಗಿನವರು. ಪ್ರಾಯದಲ್ಲಿ ಫುಲ್‌ಬ್ಯಾಕ್ ಆಡಿ, ಒಂದು ಮೊಣಕಾಲನ್ನು ಆಟಕ್ಕೆ ಅರ್ಪಿಸಿ, ಮಗಳ ಸಂಸಾರದೊಂದಿಗೆ ನೆದರ್ಲೆಂಡ್ಸಿನ ನ್ಯೂವೆಗೈನ್‌ಗೆ ಬಂದು ನೆಲೆಸಿದ್ದರು. ಊರಿನ ಕಡೆಯ ಒಂದು ವೃತ್ತಿಪರ ಲೀಗ್ ತಂಡದವರಿಗೆ ಇದು ಹೇಗೋ ತಿಳಿಯಿತು. ಆ ಲೀಗ್‌ನಲ್ಲಿ ಇಪ್ಪತ್ತೊಂದು ತುಂಬದ ವಿದೇಶಿ ಹುಡುಗರನ್ನು ತಂಡಗಳು ಸರದಿಯಂತೆ ಹೆಸರಿಸಿ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಡಚ್ಚರ ಎಳೆಯ ಡಿಫೆಂಡರ್‌ಗಳನ್ನು ನೋಡಿ ಯೋಗ್ಯರ ಹೆಸರು ಕಳಿಸುವ ಗುರುತರ ಹೊಣೆ ಪೂವಯ್ಯನವರ ಮೇಲೆ ಬಿತ್ತು. ನಾನು ಐಂಡ್‌ಹೋವನ್‌ನ ಚಿಪ್ ಯಂತ್ರಗಳ ನಡುವೆ ತಲೆ ನರೆಸಿಕೊಂಡ ಮೈಸೂರಿನವನು. ಈ ಮಹಾಕಾರ್ಯಕ್ಕೆ ನನ್ನ ಅರ್ಹತೆ ಇಷ್ಟೇ: ನನಗೆ ಕಾರಿತ್ತು, ಭಾನುವಾರ ಬಿಡುವಿತ್ತು.

ನಮ್ಮ ದಂಡಯಾತ್ರೆ ಒಂದು ಫ್ಲಾಸ್ಕ್ ಬೆಲ್ಲದ ಕಾಫಿಯೊಂದಿಗೆ ಹೊರಡುತ್ತಿತ್ತು. ಕ್ಲಬ್‌ಹೌಸಿನ ಕಾಫಿಯನ್ನು ಅವರು ಮುಟ್ಟುತ್ತಿರಲಿಲ್ಲ. "ಇದು ಕಾಫಿ ಅಲ್ಲ ಮೂರ್ತಿ, ಕಾಫಿ ತೀರಿಕೊಂಡದ್ದಕ್ಕೆ ಸಂತಾಪ ಸೂಚನೆ," ಎನ್ನುತ್ತಿದ್ದರು. ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ನಿಂತು, ಗಾಳಿ ಆ ಕೊಡೆಯನ್ನು ಮಗುಚಿದರೂ ಅಲುಗದೆ, ಅವರು ಮುಖಗಳನ್ನು ನೋಡುತ್ತಿದ್ದರು. ತಪ್ಪು ಮಾಡಿ ಗೋಲ್‌ಕೀಪರ್ ಕಡೆ ಕೈ ತೋರಿಸುವವನು ಅವರ ಕಣ್ಣಿಗೆ ಅಂದೇ ಸತ್ತ. ನೆಲ ನೋಡುವವನು ಮನೆತನಸ್ಥ.

ಲಾರ್ಸ್ ಎಂಬ ಹುಡುಗ ಹೀಗೆಯೇ ಅವರ ಮನಸ್ಸು ಗೆದ್ದ. ಚೆಂಡನ್ನು ಎದುರಾಳಿಗೆ ಒಪ್ಪಿಸಿ ಗೋಲು ಬಿಟ್ಟ ಮೇಲೆ, ಎಷ್ಟು ಮನಮುಟ್ಟುವಂತೆ ತಲೆ ತಗ್ಗಿಸಿ ನಿಂತನೆಂದರೆ, ಆ ನಾಚಿಕೆ ಮುಗಿಯುವಷ್ಟರಲ್ಲಿ ಅವನ ಪಕ್ಕದಿಂದಲೇ ಇನ್ನೊಂದು ಗೋಲು ಹೋಯಿತು. ಪೂವಯ್ಯನವರು ಅದನ್ನು ವಿನಯದ ಖಾತೆಗೆ ಹಾಕಿದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಮುಂದಿನ ವಾರ ಬ್ರಾಮ್‌ನ ಸರದಿ. ಉದ್ದ ಕಾಲಿನ, ನಗುಮುಖದ ಹುಡುಗ. ನಾಲ್ಕು ಕ್ವಾರ್ಟರ್‌ಗಳ ಆಟದ ಮೂರನೇ ಕ್ವಾರ್ಟರ್‌ನಲ್ಲಿ ಎದುರಾಳಿ ಅವನನ್ನು ಬಳಸಿ ಹೋಗಿ ಗೋಲು ಹೊಡೆದ. ಬ್ರಾಮ್ ಏನು ಮಾಡಬೇಕು? ಹೊಡೆದವನ ಬೆನ್ನು ತಟ್ಟಿ, ಏನೋ ಹೇಳಿ ನಕ್ಕು, ತನ್ನ ಜಾಗಕ್ಕೆ ಓಡಿದ.

"ನೋಡು, ನೋಡು! ಬೆನ್ನು ತಟ್ತಾನೆ! ಮಾನ ಇಲ್ಲದ ಪ್ರಾಣಿ. ನಡಿ ಮೂರ್ತಿ, ಇಲ್ಲಿ ಎಂಥ ಇಲ್ಲ."

ನಾವು ಹೊರಟೆವು.

ಡ್ರಾಫ್ಟ್ ಮುಗಿಯಿತು. ಲಾರ್ಸ್ ಆಯ್ಕೆಯಾದ. ತಂಡದವರು ಫೋನ್ ಮಾಡಿ ಪೂವಯ್ಯನವರ ಕಣ್ಣನ್ನು ಹೊಗಳಿದರು. ಅದಾದ ಮರುವಾರ ಕ್ಲಬ್‌ಹೌಸಿನಲ್ಲಿ ನಾವು ಕೂತಿದ್ದ ಮೇಜಿಗೆ ಬ್ರಾಮ್ ಬಂದ. ಕೂದಲಿಂದ ನೀರಿಳಿಯುತ್ತಿತ್ತು.

"ನನ್ನನ್ನು ನೋಡಿ ಬೇಡ ಅಂದವರು ನೀವೇ ಅಲ್ವಾ? ಯಾಕೆ ಅಂತ ಹೇಳ್ತೀರಾ? ತಿದ್ಕೋಬೇಕು," ಎಂದು ಇಂಗ್ಲಿಷಿನಲ್ಲಿ ಕೇಳಿದ. ಸಿಟ್ಟಿಲ್ಲ, ಬಸ್ಸಿನ ಹೊತ್ತು ವಿಚಾರಿಸುವ ದನಿ.

ಪೂವಯ್ಯನವರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಗೋಲು ಬಿಟ್ಟೆ. ಬಿಟ್ಟು, ಹೊಡೆದವನ ಬೆನ್ನು ತಟ್ಟಿದೆ. ನಿನಗೆ ನಾಚಿಕೆ ಆಗಲಿಲ್ವಾ?"

ಹುಡುಗ ಪ್ರಾಮಾಣಿಕವಾಗಿ ಯೋಚಿಸಿದ. "ಆಯ್ತು. ರಾತ್ರಿ ಮಲಗುವಾಗ ಆಯ್ತು. ಆಗಲೇ ನಾಚ್ಕೊಂಡು ನಿಲ್ಲೋಕೆ ಹೊತ್ತೆಲ್ಲಿತ್ತು? ಇನ್ನೂ ಒಂದು ಕ್ವಾರ್ಟರ್ ಪೂರ್ತಿ ಇತ್ತು. ಆಮೇಲೆ ಅವನಿಗೆ ನಾನು ಚೆಂಡು ಮುಟ್ಟೋಕೂ ಬಿಡಲಿಲ್ಲ. ಅದು ಸಾಲಲಿಲ್ವಾ?"

ಅದನ್ನು ನಾವು ನೋಡಿರಲಿಲ್ಲ. ಆ ಹೊತ್ತಿಗೆ ಪೂವಯ್ಯನವರು ಕಾರಿನಲ್ಲಿ ಡಚ್ಚರ ಸಂಸ್ಕಾರಹೀನತೆಯ ಮೇಲೆ ಉಪನ್ಯಾಸ ಕೊಡುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ನನ್ನ ಕಿವಿ ಬಿಸಿಯಾಯಿತು. ಪೂವಯ್ಯನವರು ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ಒಟ್ಟು ಮಾಡುತ್ತಾ ಕೂತರು.

ದಾರಿಯಲ್ಲಿ, "ಅವನ ಮನೆಗೇ ಹೋಗಿ ಕ್ಷಮೆ ಕೇಳಬೇಕು. ಈಗಲೇ," ಎಂದರು. ಈ ದೇಶದಲ್ಲಿ ಈಗಲೇ ಎಂಬುದಿಲ್ಲ. ಬ್ರಾಮ್‌ನ ತಾಯಿ ಮೂರು ವಾರದ ನಂತರದ ಭೇಟಿಗೆ ಒಂದು ಅಫ್‌ಸ್ಪ್ರಾಕ್ ಕೊಟ್ಟರು. ಹಲ್ಲಿನ ಡಾಕ್ಟರರ ಹಾಗೆ ದಿನ, ಗಂಟೆ ಸಮೇತ. ಆ ಮೂರು ವಾರ ಪೂವಯ್ಯನವರು ಸಣ್ಣಗಾದರು. "ಪಶ್ಚಾತ್ತಾಪ ಕೆಟ್ಟುಹೋಗದ ಹಾಗೆ ಫ್ರಿಜ್ಜಲ್ಲಿ ಇಡಬೇಕಾ ಮಾರಾಯಾ?" ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಹೋದೆವು. ತಲೆಗೊಂದು ಕಾಫಿ, ಕಾಫಿಗೊಂದು ಬಿಸ್ಕತ್ತು. ಪೂವಯ್ಯನವರು ಎದ್ದು ನಿಂತು, ತಪ್ಪಾಯಿತು ಎಂದರು. ನಾವು ಆಟದ ನಡುವೆಯೇ ಎದ್ದು ಹೋದದ್ದನ್ನೂ ಬಿಡದೆ ಹೇಳಿದರು.

"ಹೌದು, ತಪ್ಪಾಗಿ ನೋಡಿದಿರಿ," ಎಂದ ಬ್ರಾಮ್. "ಕೂತ್ಕೊಳ್ಳಿ. ಮುಂದಿನ ವರ್ಷ ಪೂರ್ತಿ ನೋಡಿ. ನನ್ನ ವಯಸ್ಸಿಗೆ ಅದೇ ಕೊನೇ ಡ್ರಾಫ್ಟ್. ಬರ್ತೀರಲ್ಲ?"

ಬೈದಿದ್ದರೆ ಪೂವಯ್ಯನವರು ಬಚಾವಾಗುತ್ತಿದ್ದರು. ಬೈಗುಳಕ್ಕೆ ಅವರಲ್ಲಿ ಉತ್ತರವಿತ್ತು. ಈ ಆಹ್ವಾನಕ್ಕೆ, ಬರುತ್ತೇನೆ ಎಂಬಂತೆ ತಲೆಯಾಡಿಸಿ ಕೂತರು.

ಮುಂದಿನ ವರ್ಷ ತಂಡದವರು ಮತ್ತೆ ಅವರನ್ನೇ ಕೇಳಿದರು. ಅವರು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ನನ್ನ ಫೋನನ್ನೂ ಎತ್ತಲಿಲ್ಲ. ಹೆಸರು ಕಳಿಸಲು ಉಳಿದಿದ್ದ ಕೊನೆಯ ಭಾನುವಾರ ನಾನು ನೇರ ನ್ಯೂವೆಗೈನ್‌ಗೆ ಹೋಗಿ ಬೆಲ್ ಒತ್ತಿದೆ. ಮಗಳ ಮನೆಯವರು ಹೊರಗೆ ಹೋಗಿದ್ದರು. ಒಳಗೆ ಕುರ್ಚಿ ಸರಿದ ಸದ್ದಾಯಿತು, ಬಾಗಿಲು ತೆರೆಯಲಿಲ್ಲ.

ಬಾಗಿಲಿನಲ್ಲಿ ಅಂಚೆ ಹಾಕುವ ಕಿಂಡಿಗೆ ಬಾಯಿಟ್ಟು, ಈ ವಯಸ್ಸಿನಲ್ಲಿ ಬೀದಿಯವರೆದುರು ಬಗ್ಗಿ ನಿಂತು, ಕೂಗಿದೆ: "ಪೂವಯ್ಯನವರೇ, ಇನ್ನೊಂದು ಗಂಟೆಗೆ ಬ್ರಾಮ್ ಆಡ್ತಾನೆ. ನೀವು ಹೇಳಿದರೆ ಮಾತ್ರ ತಂಡದವರು ಅವನನ್ನ ತಗೊಳ್ಳೋದು. ನೀವು ಬರದಿದ್ರೆ ಈ ಸಲವೂ ಅವನ ಹೆಸರು ಹೋಗಲ್ಲ."

ಒಳಗಿನಿಂದ ದನಿ ಬಂತು. "ಆ ಹುಡುಗನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ ಮೂರ್ತಿ? ನನ್ನಿಂದ ಆಗೋದಿಲ್ಲ. ನೀನು ಹೋಗು."

"ನಾನು ಹೋಗಿ ಎಂಥ ಮಾಡಲಿ?" ಎಂದೆ. ಅವರ 'ಎಂಥ' ನನ್ನ ಬಾಯಿಗೂ ಬಂದಿತ್ತು.

ಬೆನ್ನು ನೇರ ಮಾಡಿಕೊಂಡು ಬೀದಿಗೆ ಬಂದೆ. ಇಲ್ಲಿಯ ಮನೆಗಳು ಪರದೆ ಎಳೆದುಕೊಳ್ಳುವುದಿಲ್ಲ. ಒಂದು ಕಿಟಕಿಯಲ್ಲಿ ಯಾರೋ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು, ಇನ್ನೊಂದರಲ್ಲಿ ಮುದುಕಿಯೊಬ್ಬಳು ಹೂವಿನ ಕುಂಡ ಒರೆಸುತ್ತಿದ್ದಳು. ಆ ಇಡೀ ಸಾಲಿನಲ್ಲಿ, ಮಟಮಟ ಮಧ್ಯಾಹ್ನ, ಪರದೆ ಎಳೆದಿದ್ದ ಮನೆ ಪೂವಯ್ಯನವರದೊಂದೇ.