ಮರೆಗುಳಿ ಮಿಷಿನ್ನಿಗೆ ಸುಂದ್ರಮ್ಮನ ಕಾವಲು

ಸೋಮವಾರ ಬೆಳಗಿನ ಆರು ಗಂಟೆ. ಎನ್. ಬೇಗೂರಿನ ಜೆರಾಕ್ಸ್ ಅಂಗಡಿಯ ಹಿಂದಿನ ಒಂಟಿ ಕೋಣೆಯ ಮುಂದೆ ಸುಂದ್ರಮ್ಮ ನೀರೊಲೆಗೆ ಊರವರ ಮುಖಗಳನ್ನು ಹಾಕುತ್ತಿದ್ದಾರೆ. ಶನಿವಾರ ಕಪ್ಪಗೆ ಬಂದ, ವಾರೆಯಾಗಿ ಬಂದ, ಅರ್ಧಕ್ಕೆ ಸಿಕ್ಕಿಕೊಂಡ ಆಧಾರ್ ಪ್ರತಿಗಳು, ಒಟ್ಟು ಮೂವತ್ತೊಂದು.

"ಮಗುಚಿ ಹಾಕ್ಬೇಕು ಕಣ್ರೀ. ನಮ್ಮನ್ನೇ ನೋಡ್ತಾ ಉರಿಯೋದು ಚೆಂದಾಗಿರಲ್ಲ."

ಐವತ್ತೆರಡರ ಸುಂದ್ರಮ್ಮ ಹದಿನಾಲ್ಕು ವರ್ಷದಿಂದ ಇಲ್ಲಿ ಕೆಲಸಕ್ಕಿದ್ದಾರೆ. ದಿನಕ್ಕೆ ಇನ್ನೂರು ಪ್ರತಿ. ಸರ್ಕಾರದಲ್ಲಿ ಹೊಸ ಯೋಜನೆ ಹುಟ್ಟಿದರೆ ಮೊದಲು ಗೊತ್ತಾಗುವುದು ಅವರ ಸೊಂಟಕ್ಕೆ.

ಹಿಂದೆ ಕೆಟ್ಟ ಪ್ರತಿಗಳೆಲ್ಲ ಎದುರಿನ ಕಂಠಪ್ಪನ ಬೋಂಡದಂಗಡಿಗೆ ಹೋಗುತ್ತಿದ್ದವು. ಊರಿಗೆ ಊರೇ ಪಕ್ಕದ ಮನೆಯವರ ಜನ್ಮದಿನಾಂಕಕ್ಕೆ ಎಣ್ಣೆಕೈ ಒರೆಸುತ್ತಿತ್ತು. ಮೂರು ವರ್ಷದ ಕೆಳಗೆ, ಕಾಡಂಚಿನ ಹಾಡಿಯ, ಜನ್ಮದಲ್ಲಿ ಫೋನು ಹಿಡಿಯದ ಚಿಕ್ಕಮಾದಿಗೆ ಪೊಲೀಸ್ ಠಾಣೆಯಿಂದ ಬುಲಾವ್ ಬಂತು. ಆಕೆಯ ಕಾರ್ಡಿನ ಪ್ರತಿ ಕೊಟ್ಟು ಯಾರೋ ಸಿಮ್ ಕೊಂಡು, ಇನ್ಯಾರಿಗೋ ಮೋಸ ಮಾಡಿದ್ದರು. ಬಿಡಿಸಿಕೊಂಡು ಬಂದವಳು ನೆಟ್ಟಗೆ ಅಂಗಡಿಗೇ ಬಂದಳು.

"ಅಕ್ಕಾ, ಕಾರ್ಡ ನಿನ್ ಕೈ ಬುಟ್ಟು ಇನ್ಯಾರ್ ಕೈಗೂ ಕೊಟ್ಟಿಲ್ಲ ಕಣಕ್ಕಾ."

"ಬೈದಿದ್ರೆ ತಡ್ಕತಿದ್ದೆ," ಎನ್ನುತ್ತಾರೆ ಸುಂದ್ರಮ್ಮ. "ಅಷ್ಟಂದು ಕಾರ್ಡ ಸೆರಗಿಗೆ ಕಟ್ಕಂಡು ಓದ್ಳು." ಮಾರನೆಯ ದಿನದಿಂದ ಬೋಂಡಕ್ಕೆ ಹಳೇ ಪೇಪರು, ಪ್ರತಿಗಳಿಗೆ ಒಲೆ.

ಹೋದ ವಾರ ಇಸ್ತ್ರಿ ಅಂಗಿ ತೊಟ್ಟ ಕಂಪನಿಯವನೊಬ್ಬ ಬಂದ. ಹೊಸ ಮಿಷಿನ್ನು ಪುಕ್ಕಟೆ, ಹೊಡೆದ ಪ್ರತಿಯೆಲ್ಲ ಅದರ ಹೊಟ್ಟೆಯಲ್ಲಿ ಉಳಿದು, ನೆಟ್ಟಿನಲ್ಲಿ ಅವನ ಕಂಪನಿಗೆ ಹೋಗುತ್ತದೆ, ಅಷ್ಟೇ.

"ಹಾಡಿಯವ್ರನ್ನ ಕೇಳಿದ್ರಾ?"

"ಅವರಿಗೆ ಇದೆಲ್ಲ ಅರ್ಥ ಆಗಲ್ಲ ಮೇಡಂ."

"ಅಂಗಾರೆ ನಂಗೂ ಆಗಲ್ಲ. ತಗಂಡೋಗಿ."

ಮಾಲೀಕ ರೇಣುಕಾಪ್ರಸಾದ್‌ಗೆ ಚೆನ್ನಾಗಿ ಅರ್ಥವಾಗಿತ್ತು. "ಸೋಮವಾರ ಮಿಷಿನ್ ಬತ್ತದೆ. ಇಳಿಸ್ಕೊ, ಇಲ್ಲಾ ಬೀಗದ ಕೈ ಮಡಗಿ ಓಗು." ಕೆಲಸ ಹೋದರೆ ಅಂಗಡಿ ಹಿಂದಿನ ಕೋಣೆಯೂ ಹೋಗುತ್ತದೆ.

ಒಂಬತ್ತಕ್ಕೆ ವ್ಯಾನು ಬರುತ್ತದೆ, ಹಿಂದೆಯೇ ಮಾಲೀಕ. ಸುಂದ್ರಮ್ಮ ಬೀಗದ ಕೈಯನ್ನು ಟೇಬಲ್ಲಿನ ಮೇಲಿಟ್ಟು, ಸಾಲಿನ ಮೊದಲಿಗಳಾದ ಚಿಕ್ಕಮಾದಿಯ ಕಾರ್ಡನ್ನು ಹಳೇ ಮಿಷಿನ್ನಿನ ಗಾಜಿಗೆ ಒತ್ತುತ್ತಾರೆ. "ಇದೊಂದ್ ಮುಗಿಸಿ ಓಯ್ತೀನಿ."

ಚಿಕ್ಕಮಾದಿ ಹೊಸ ಮಿಷಿನ್ನನ್ನು ಮೇಲಿಂದ ಕೆಳಕ್ಕೆ ನೋಡುತ್ತಾಳೆ. "ಯಜಮಾನ್ರೇ, ಇದ್ಕೆ ನಿಮ್ ಕಾರ್ಡೇ ತೋರ್ಸಿ. ನಾವು ಬಸ್ ಅತ್ಕಂಡು ಕೋಟೆ ಪ್ಯಾಟೆಗೋಗಿ ಮಾಡಿಸ್ಕತೀವಿ." ಹಿಂದಿದ್ದ ಹದಿನೇಳು ಜನ ಸಾಲು ಬಿಟ್ಟು ಬಸ್ ಸ್ಟಾಪಿನ ಕಡೆ ತಿರುಗುತ್ತಾರೆ.

ಮಾಲೀಕ ಮುರಿದ ಸಾಲು ನೋಡುತ್ತಾನೆ, ವ್ಯಾನು ನೋಡುತ್ತಾನೆ. ಕೊನೆಗೆ ಡ್ರೈವರಿಗೆ, "ರಿವರ್ಸ್ ತಗಳಪ್ಪಾ" ಎನ್ನುತ್ತಾನೆ.

ನಿಮ್ಮಾಸೆ ಏನು ಎಂದು ಕೇಳಿದರೆ ಸುಂದ್ರಮ್ಮ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. "ಈ ಹಳೇ ಮಿಷಿನ್ಗೊಂದ್ ಹೊಸಾ ಡ್ರಮ್ ಸಿಕ್ರೆ ಸಾಕು. ಹೊಡ್ದಿದ್ದ ಆಗ್ಲೇ ಮರ್ತುಬುಡ್ತದೆ, ಪಾಪ. ಯಾವ್ ಕಾರ್ಡು ಯಾರ್ದು ಅಂತ ನೆನಪಿಟ್ಕಳಕೆ ನಾನಿದೀನಲ್ಲ."